ಹನ್ನೊಂದು ವಾಕ್ಯದ ಅಂಗಡಿಯವಳು

ಈ ಭೂಮಿಯ ಮೇಲೆ ಟೈಪಿಸ್ಟ್ ಅಕ್ಕನಷ್ಟು ಜನರನ್ನು ಬಾಯ್ತುಂಬ ಬರಮಾಡಿಕೊಂಡ ಹೆಂಗಸು ಇನ್ನೊಬ್ಬಳಿಲ್ಲ. ಎದೆ ತಟ್ಟಿ ಹೇಳುತ್ತೇನೆ. ಅರಮನೆಯ ರಾಣಿಯರು, ವಿಮಾನದ ಬಾಗಿಲಲ್ಲಿ ನಿಂತು ನಗುವ ಹುಡುಗಿಯರು, ದೊಡ್ಡ ಹೋಟೆಲಿನ ಮೀಸೆಯ ಕಾವಲುಗಾರರು, ಇವರನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹೇರಿ ಅಕ್ಕನೊಬ್ಬಳನ್ನೇ ಇನ್ನೊಂದರಲ್ಲಿ ಕೂರಿಸಿದರೂ ಅಕ್ಕನ ತಟ್ಟೆಯೇ ನೆಲಕ್ಕೆ ತಾಗುತ್ತದೆ. “ಬಂದ್ರಾ? ನಿಮ್ಮನ್ನೇ ಕಾಯ್ತಾ ಇದ್ದೆ.” ಅವಳು ಹೇಳಿದ ಈ ಮಾತನ್ನು ಕೇಳಿದವರೆಷ್ಟು ಎಂದು ಎಣಿಸಲು ಕೂತವನ ತಲೆಗೂದಲು ಉದುರಿ, ಮತ್ತೆ ಬೆಳೆದು, ಮತ್ತೆ ಉದುರೀತು. ಆ ದನಿಯಲ್ಲಿನ ಅಕ್ಕರೆಯಾದರೂ ಎಂಥದು! ಬಂಡೆಗಲ್ಲಿಗೆ ಕೇಳಿಸಿದರೆ ಅದೂ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತೀತು. ಅಂಥ ಅಭಿನಯ ಕಲಿಸುವ ಶಾಲೆಯನ್ನು ಯಾವ ಮೇಸ್ತ್ರಿಯೂ ಇನ್ನೂ ಕಟ್ಟಿಲ್ಲ.

ಇನ್ನು ಅವಳ ಸ್ವಂತ ಮನೆಯ ಬಾಗಿಲಿಗೆ ಬರುವವರು ಇಬ್ಬರೇ. ಕರೆಂಟಿನ ಮೀಟರ್ ನೋಡುವವನು ಒಬ್ಬ, ಮನೆ ತಪ್ಪಿ ಬರುವವನು ಇನ್ನೊಬ್ಬ.

ಮೂವತ್ತಾರು ವರ್ಷದ ಹಿಂದೆ ಅಕ್ಕ ವಿಡಿಯೋ ಗೇಮ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದಳು. ಔಷಧಿ ಅಂಗಡಿಯ ಮೇಲಿನ ಮೂರು ಕೋಣೆಗಳೇ ಕಂಪನಿ. ಒಂದರಲ್ಲಿ ಚಿತ್ರ ಬಿಡಿಸುವವರು, ಒಂದರಲ್ಲಿ ಪ್ರೋಗ್ರಾಂ ಬರೆಯುವವರು, ಮೂರನೆಯದರಲ್ಲಿ ಅಕ್ಕ, ಅವಳ ಟೈಪ್‌ರೈಟರ್, ಫೋನು, ಮತ್ತು ಬೇರೆಲ್ಲೂ ಜಾಗ ಸಿಗದ ಸಾಮಾನು. ಅವಳ ಬೆರಳಿನ ವೇಗಕ್ಕೆ ಕಾಗದ ಬಿಸಿಯಾಗುತ್ತಿತ್ತು. ಆ ಬಿಸಿಯಲ್ಲಿ ಟೀ ಕಾಯಿಸಿಕೊಳ್ಳುತ್ತಿದ್ದರು ಎಂದು ಹೇಳಿದರೆ ನೀವು ನಂಬಲಾರಿರಿ, ಆದ್ದರಿಂದ ಹೇಳುವುದಿಲ್ಲ.

ಆ ಕಂಪನಿ ‘ದೀಪದ ಕೋಟೆ’ ಎಂಬ ಆಟ ಮಾಡಿತು. ಲಾಟೀನು ಹಿಡಿದ ಒಬ್ಬ ಪಯಣಿಗ ಕತ್ತಲ ಕೋಟೆ ಹತ್ತಬೇಕು. ಎಣ್ಣೆ ತೀರಿದಾಗೆಲ್ಲ ಕೋಟೆಯ ಬುಡದಲ್ಲಿರುವ ಅಂಗಡಿಗೆ ಬರಬೇಕು. ಅಂಗಡಿಯಲ್ಲಿ ಒಬ್ಬಳು ಹುಡುಗಿ. ಅವಳು ಮಾತಾಡಿದರೆ ಚೆನ್ನ ಎಂದು ಯಾರಿಗೋ ಹೊಳೆಯಿತು. ಆಟದಲ್ಲಿ ಉಳಿದಿದ್ದ ಜಾಗ ಹನ್ನೊಂದು ಪುಟ್ಟ ವಾಕ್ಯಕ್ಕಷ್ಟೇ ಸಾಕಾಗುವಂತಿತ್ತು. ನಟಿಯನ್ನು ಹುಡುಕಲು ಪುರುಸೊತ್ತಿರಲಿಲ್ಲ. ಸೌಂಡಿನವನು ಸುತ್ತ ಕಣ್ಣಾಡಿಸಿದ. ಇಡೀ ಕಚೇರಿಯಲ್ಲಿದ್ದ ಹೆಣ್ಣು ದನಿ ಒಂದೇ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಆಟದ ಕೊನೆಯಲ್ಲಿ ಹೆಸರುಗಳ ಪಟ್ಟಿ ಬರುವಾಗ ‘ಅಂಗಡಿಯವಳ ದನಿ: ಕಚೇರಿ ಸಿಬ್ಬಂದಿ’ ಎಂದಷ್ಟೇ ಇತ್ತು. ಆ ಪಟ್ಟಿಯನ್ನು ಟೈಪ್ ಮಾಡಿಕೊಟ್ಟವಳೂ ಅಕ್ಕನೇ.

ಆಟ ಕಾಳ್ಗಿಚ್ಚಿನಂತೆ ಹಬ್ಬಿತು. ಕಂಪನಿಯನ್ನು ಅದಕ್ಕಿಂತ ದೊಡ್ಡ ಕಂಪನಿ ನುಂಗಿತು, ಅದನ್ನು ಇನ್ನೂ ದೊಡ್ಡದು. ಅಕ್ಕ ಮಾತ್ರ ಯಾರ ಹೊಟ್ಟೆಗೂ ಹೋಗದೆ ನೀರಿನ ಪೈಪು ಮಾಡುವ ಕಂಪನಿಯಲ್ಲಿ ಕೆಲಸ ಹಿಡಿದು, ಅಲ್ಲೇ ನಿವೃತ್ತಿಯಾದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳುವವರೂ ಒಬ್ಬೊಬ್ಬರಾಗಿ ಕೇಳುವುದನ್ನು ಬಿಟ್ಟರು. ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬೇರೆ ಊರಿನಲ್ಲಿರುವ ತಂಗಿ ಭಾನುವಾರ ಫೋನ್ ಮಾಡುತ್ತಾಳೆ. ಮಾತೆಲ್ಲ ತಂಗಿಯದು, ಹೂಂಗುಟ್ಟುವುದು ಅಕ್ಕನದು. ಸೋಮವಾರದಿಂದ ಶನಿವಾರದವರೆಗೆ ಆ ಮನೆಯಲ್ಲಿ ಮಾತಾಡುವುದು ಕುಕ್ಕರ್ ಒಂದೇ.

ಹಳೆಯ ವಿಡಿಯೋ ಗೇಮಿಗೆ ಸಾವಿಲ್ಲ. ಅದನ್ನು ಆಡಿಸುವ ಮೆಷಿನ್ ಸಾಯುತ್ತದೆ. ಆಟವನ್ನು ಇನ್ನೊಂದು ಮೆಷಿನ್ನಿನಲ್ಲಿ ಮತ್ತೆ ಹುಟ್ಟಿಸುತ್ತಾರೆ. ‘ದೀಪದ ಕೋಟೆ’ ಮೊದಲ ಸಲ ಮರಳಿ ಬಂದದ್ದು ಒಂಬತ್ತು ವರ್ಷದ ಮೇಲೆ. ಆಗ ಇದ್ದದ್ದನ್ನು ಇದ್ದ ಹಾಗೇ ಎತ್ತಿ ಹೊಸ ಮೆಷಿನ್ನಿಗೆ ಹಾಕಿದರು. ಇದಕ್ಕೆ ಪೋರ್ಟ್ ಎನ್ನುತ್ತಾರೆ. ಮನೆ ಬದಲಿಸುವಾಗ ಮುರುಕು ಕುರ್ಚಿಯನ್ನೂ ಬಿಡದೆ ಲಾರಿಗೆ ಹೇರುತ್ತಾರಲ್ಲ, ಹಾಗೆ. ಅಕ್ಕನ ದನಿಯ ಜೊತೆಗೆ ಅವಳು ಕೂತಿದ್ದ ಕುರ್ಚಿ ಕಿರ್ರೆಂದದ್ದೂ ಬಂತು. ಆಮೇಲೊಮ್ಮೆ ಹನ್ನೆರಡು ಹಳೆಯ ಆಟಗಳನ್ನು ಒಂದೇ ಡಬ್ಬಿಗೆ ತುರುಕಿ ಮಾರಿದರು. ಅದರಲ್ಲಿ ಕುದುರೆ ರೇಸಿಗೂ ಇಟ್ಟಿಗೆ ಜೋಡಿಸುವ ಆಟಕ್ಕೂ ನಡುವೆ ಅಕ್ಕನಿಗೆ ಜಾಗ ಸಿಕ್ಕಿತ್ತು. ಇಪ್ಪತ್ತನೆಯ ವರ್ಷ ರಿಮಾಸ್ಟರ್ ಆಯಿತು. ಎಂದರೆ ಮನೆ ಅದೇ, ಸುಣ್ಣಬಣ್ಣ ಹೊಸದು. ಚಿತ್ರಗಳನ್ನು ಉಜ್ಜಿ ತೊಳೆದರು, ದನಿಯನ್ನೂ ತೊಳೆದರು. ಕುರ್ಚಿಯ ಕಿರ್ರು ಹೋಯಿತು, ಮಾತಿಗೆ ಮುಂಚಿನ ಉಸಿರೂ ಹೋಯಿತು. ಕೇಳಿದಾಗ ಅಕ್ಕನಿಗೆ ತನ್ನನ್ನೇ ಯಾರೋ ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟಂತೆ ಅನ್ನಿಸಿತು. ಆದರೂ ದನಿ ತನ್ನದೇ.

ಇವೆಲ್ಲವನ್ನೂ ಅವು ಅಂಗಡಿಗೆ ಬಂದ ವಾರವೇ ಅಕ್ಕ ಕೊಂಡು ತಂದಿದ್ದಾಳೆ. ಆಡಲು ಮಾತ್ರ ಬರುವುದಿಲ್ಲ. ಕೋಟೆಯ ಎರಡನೆಯ ಮೆಟ್ಟಿಲಿನಲ್ಲಿ ಬಾವಲಿಗಳು ಮುತ್ತಿಕೊಳ್ಳುತ್ತವೆ. ಎಂಟು ವರ್ಷದ ಮಕ್ಕಳು ಒಂದು ಕೈಯಲ್ಲಿ ಬಿಸ್ಕತ್ತು ತಿನ್ನುತ್ತ ಓಡಿಸುವ ಆ ಬಾವಲಿಗಳು ಅಕ್ಕನನ್ನು ಇದುವರೆಗೆ ನಾಲ್ಕು ಸಾವಿರ ಸಲ ಕೊಂದಿವೆ. ಕೋಟೆಯ ತುದಿಯಲ್ಲಿ ಏನಿದೆಯೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಈಗೀಗ ಮೆಟ್ಟಿಲ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ. ಸಂಜೆ ತರಕಾರಿ ಚೀಲ ಅಡುಗೆಮನೆಯಲ್ಲಿಟ್ಟು, ಕಾಲು ತೊಳೆದು, ಟಿವಿಯ ಮುಂದೆ ಕೂತು ಆಟ ಹಾಕುತ್ತಾಳೆ. ಆಟ ಶುರುವಾಗುವ ಜಾಗದಿಂದ ಅಂಗಡಿಗೆ ಹದಿನೇಳು ಹೆಜ್ಜೆ. ಬಾಗಿಲು ತೆರೆಯುತ್ತದೆ. “ಬಂದ್ರಾ? ನಿಮ್ಮನ್ನೇ ಕಾಯ್ತಾ ಇದ್ದೆ.” ಅಷ್ಟು ಕೇಳಿ ಮೆಷಿನ್ ಆರಿಸಿ, ಎದ್ದು ಅಡುಗೆಗೆ ಹೋಗುತ್ತಾಳೆ.

ಆ ಮೆಷಿನ್ನಿಗೂ ಈಗ ಹದಿನಾರು ವರ್ಷ. ಅದರ ಫ್ಯಾನು ಶುರುವಾದರೆ ಕೆಳಗಿನ ಮನೆಯವರು ಹೆಲಿಕಾಪ್ಟರ್ ಇಳಿಯಿತೆಂದು ಕಿಟಕಿ ತೆಗೆಯುತ್ತಾರೆ. ರಿಪೇರಿಯವನು ಬಿಚ್ಚಿ ನೋಡಿ, ಬಿಡಿಭಾಗ ಸಿಗುವುದು ನಿಂತು ಎಷ್ಟೋ ಕಾಲವಾಯಿತೆಂದು ಹೇಳಿದ. “ಅಮ್ಮ, ಇದು ನಡೀತಾ ಇರೋದೇ ನಿಮ್ಮ ಮುಲಾಜಿಗೆ. ಯಾವತ್ತು ನಿಲ್ಲುತ್ತೋ ಅವತ್ತಿಗೆ ಮುಗೀತು.”

ಅದೇ ತಿಂಗಳು ಒಂದು ಭಾನುವಾರ ತಂಗಿ ಸುದ್ದಿ ಕೊಟ್ಟಳು. ಅವಳ ಮಗ ಎಲ್ಲೋ ಓದಿದ್ದನಂತೆ.

“ನಿನ್ನ ಆಟಾನ ಮತ್ತೆ ಮಾಡ್ತಾರಂತೆ ಕಣೇ.”

“ಪೋರ್ಟಾ, ರಿಮಾಸ್ಟರಾ, ರಿಮೇಕಾ?”

“ಡಾಕ್ಟರು ಕೆಮ್ಮಾ, ನೆಗಡಿನಾ, ಜ್ವರಾನಾ ಅಂತ ಕೇಳ್ದ ಹಾಗೆ ಕೇಳ್ತೀಯಲ್ಲ. ರಿಮೇಕ್ ಅಂದ ಅನ್ಸುತ್ತೆ. ಯಾವುದಾದ್ರೇನು?”

ಯಾವುದಾದರೇನು ಎಂದರೆ, ರಿಮೇಕ್ ಎಂಬುದು ಮನೆಯನ್ನು ಪಾಯದವರೆಗೆ ಕೆಡವಿ, ಹಳೆಯ ನಾಮಫಲಕವನ್ನು ಹೊಸ ಕಟ್ಟಡಕ್ಕೆ ತೂಗುಹಾಕುವ ಕೆಲಸ. ಚಿತ್ರ ಹೊಸದು, ಸಂಗೀತ ಹೊಸದು, ದನಿ ಹೊಸದು. ಹಳೆಯ ಮೆಷಿನ್ ನಿಂತ ದಿನ, ಹದಿನೇಳು ಹೆಜ್ಜೆ ನಡೆದು ಬಾಗಿಲು ತೆರೆದರೆ ಒಳಗಿರುವವಳು ಬೇರೆ ಯಾರೋ. ತಂಗಿ ಇದನ್ನು ಕೇಳಿಸಿಕೊಳ್ಳಲು ಕಾಯಲಿಲ್ಲ, ಸೊಸೆಯ ವಿಷಯಕ್ಕೆ ಹೋದಳು. ಅಕ್ಕ ಹೂಂಗುಟ್ಟಿದಳು.

ಇದಾಗಿ ಎರಡು ವಾರಕ್ಕೆ, ಒಂದು ಬುಧವಾರ, ಫೋನು ಬಂತು. ಬುಧವಾರ ಫೋನು ಬಂದರೆ ಅದು ರಾಂಗ್ ನಂಬರೆಂದು ಅಕ್ಕನಿಗೆ ಅನುಭವದಿಂದ ಗೊತ್ತು. ಎತ್ತಿ ಹಲೋ ಎಂದಳು. ಮೂರು ದಿನದಿಂದ ಬಳಸದ ಗಂಟಲು ತುಕ್ಕು ಹಿಡಿದ ಗೇಟಿನಂತೆ ತೆರೆದುಕೊಂಡಿತು. ಆ ಕಡೆಯವನು ರಿಮೇಕಿನ ನಿರ್ದೇಶಕ. ‘ಕಚೇರಿ ಸಿಬ್ಬಂದಿ’ಯನ್ನು ಹುಡುಕಲು ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಜಾಲಾಡಿದ್ದನಂತೆ. ಮೇಡಂ, ಒಂದು ಸಲ ಸ್ಟುಡಿಯೋಕ್ಕೆ ಬರಬೇಕು, ಕಾರು ಕಳಿಸುತ್ತೇನೆ ಎಂದ. ಕಾರು ಬೇಡ ಎಂದು ಹೇಳಿ ಅಕ್ಕ ಫೋನಿಟ್ಟಳು; ಆಮೇಲೆ ಎರಡು ದಿನ ಮನೆಯಲ್ಲಿ ನೀರಿನ ಲೋಟವನ್ನೂ ಬಾಗಿಲ ಚಿಲಕವನ್ನೂ ಮಾತಾಡಿಸುತ್ತ ಗಂಟಲು ಸರಿಮಾಡಿಕೊಂಡಳು.

ಸ್ಟುಡಿಯೋದಲ್ಲಿ ಅವಳು ಒಳಗೆ ಕಾಲಿಟ್ಟಾಗ ಏಳೆಂಟು ಜನ ಎದ್ದು ನಿಂತರು. ತನ್ನ ಹಿಂದೆ ಯಾರೋ ದೊಡ್ಡವರು ಬರುತ್ತಿರಬೇಕೆಂದು ಅಕ್ಕ ಪಕ್ಕಕ್ಕೆ ಸರಿದಳು. ಹಿಂದೆ ಯಾರೂ ಇರಲಿಲ್ಲ. ಕುರ್ಚಿ ಕೊಟ್ಟರು, ಟೀ ಕೊಟ್ಟರು, ಸಕ್ಕರೆ ಸರಿ ಇದೆಯಾ ಎಂದು ಮೂವರು ಬೇರೆಬೇರೆಯಾಗಿ ಕೇಳಿದರು. ಅಷ್ಟು ಪ್ರಶ್ನೆಗೆ ಒಂದೇ ದಿನ ಉತ್ತರ ಕೊಡುವ ಅಭ್ಯಾಸ ಅಕ್ಕನಿಗೆ ತಪ್ಪಿಹೋಗಿತ್ತು.

ನಿರ್ದೇಶಕನಿಗೆ ನಲವತ್ತೈದರ ಹತ್ತಿರ ವಯಸ್ಸು. ಅರ್ಧ ನರೆತ ಗಡ್ಡ, ಮೆದು ಮಾತು. ಅವನು ಹಳೆಯ ವಾಕ್ಯವನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದ. ತೊಳೆಯದ ಮೊದಲ ದನಿ. ಉಸಿರೂ ಇತ್ತು, ಕುರ್ಚಿಯೂ ಇತ್ತು. ಹೊಸ ನಟಿಯರು ಬಂದಾಗೆಲ್ಲ ಇದನ್ನು ಪಾಠದ ಹಾಗೆ ಕೇಳಿಸುತ್ತೇವೆ, ಇಪ್ಪತ್ತಾರು ಜನ ಪ್ರಯತ್ನಪಟ್ಟರು, ಒಬ್ಬರಿಗೂ ಇದು ಹಿಡಿತಕ್ಕೆ ಸಿಗಲಿಲ್ಲ ಎಂದ. ಈ ಮಾತು ಹೇಳುವಾಗ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಿರಿ ಎಂದು ಕೇಳಿದ. ಎಲ್ಲರೂ ಕುರ್ಚಿ ಮುಂದಕ್ಕೆಳೆದುಕೊಂಡು ಕೂತರು. ಒಬ್ಬಳು ಪೆನ್ನು ತೆಗೆದಳು.

ಅಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅಂದು ಅವಳಿಗೆ ಬರೆದುಕೊಟ್ಟಿದ್ದ ವಾಕ್ಯ ‘ಸುಸ್ವಾಗತ, ಪಯಣಿಗನೇ’ ಎಂದಿತ್ತು. ನಲವತ್ತು ಸಲ ಹೇಳಿದರೂ ಅದು ತಗಾದೆ ಪತ್ರ ಓದಿದಂತೆಯೇ ಬರುತ್ತಿತ್ತು. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಆಗ ಕ್ಯಾಂಟೀನಿನ ಮುದುಕಪ್ಪ ಊಟದ ಡಬ್ಬಿ ಹಿಡಿದು ಬಾಗಿಲು ತಳ್ಳಿದ. ಮೈಕು ಚಾಲೂ ಇತ್ತು.

“ನಾನು ಅದನ್ನ ಹೇಳಿದ್ದು ಡಬ್ಬಿಗೆ,” ಎಂದಳು ಅಕ್ಕ. “ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ.”

ಪೆನ್ನು ತೆಗೆದವಳು ಪೆನ್ನು ಮುಚ್ಚಿದಳು. ಕೋಣೆಗೆ ಕೋಣೆಯೇ ನಕ್ಕಿತು; ಗಾಜಿನ ಆಚೆ ರೆಕಾರ್ಡಿಂಗ್ ಮೆಷಿನ್ನಿನ ಮುಂದೆ ಕೂತವನಂತೂ ಹೆಡ್‌ಫೋನ್ ಬೀಳುವಷ್ಟು ನಕ್ಕ. ಅಕ್ಕನೂ ನಕ್ಕಳು. ನಿರ್ದೇಶಕ ನಗಲಿಲ್ಲ.

“ನಾನು ಸ್ಕೂಲಿಂದ ಬಂದಾಗ ಮನೇಲಿ ಯಾರೂ ಇರ್ತಾ ಇರ್ಲಿಲ್ಲ, ಅಮ್ಮ,” ಎಂದ. “ಬೀಗ ತೆಗೆದು ಮೊದಲು ಈ ಆಟ ಹಾಕ್ತಿದ್ದೆ. ಆ ಮಾತು ನನಗೇ ಹೇಳಿದ್ದು ಅಂದ್ಕೊಂಡಿದ್ದೆ.”

ಅಕ್ಕ ಟೀ ಕುಡಿದಳು.

ಆಮೇಲೆ ಕೆಲಸದ ಮಾತು. ಹೊಸ ಆಟದಲ್ಲಿ ಅಂಗಡಿಯವಳಿಗೆ ಮುನ್ನೂರು ವಾಕ್ಯ. ಪಯಣಿಗ ಒದ್ದೆಯಾಗಿ ಬಂದರೆ ಒಂದು ಮಾತು, ಗಾಯವಾಗಿ ಬಂದರೆ ಒಂದು, ಬಹಳ ದಿನ ಬಿಟ್ಟು ಬಂದರೆ ಇನ್ನೊಂದು. ನಾನೇ ಹೇಳಿ ನೋಡಲೇ ಎಂದು ಅಕ್ಕ ಕೇಳಿದಳು. ಮೈಕಿನ ಮುಂದೆ ನಿಲ್ಲಿಸಿದರು. ಮೊದಲನೆಯದು ತಗಾದೆ ಪತ್ರವಾಯಿತು, ಎರಡನೆಯದೂ. ಏಳನೆಯದು, ‘ಇಷ್ಟು ತಡ ಯಾಕೆ, ನೆಂದು ಹೋಗಿದ್ದೀರಲ್ಲ’ ಎಂಬುದನ್ನು ಹೇಳಿದಾಗ ಗಾಜಿನ ಆಚೆಯವನು ತಲೆಯೆತ್ತಿ ನೋಡಿದ. ಒಳ್ಳೆಯ ದನಿಯೇ. ಆದರೆ ಅರವತ್ತಮೂರು ವರ್ಷದ ದನಿ, ಅಂಚೆಲ್ಲ ಸವೆದ ದನಿ. ಎಲ್ಲರೂ ಚೆನ್ನಾಗಿದೆ ಎಂದರು, ಯಾರೂ ಅವಳ ಮುಖ ನೋಡಲಿಲ್ಲ.

ನಿರ್ದೇಶಕ ಒಂದು ಕಾಗದ ತಂದು ಮುಂದಿಟ್ಟ. ಹಳೆಯ ಹನ್ನೊಂದು ವಾಕ್ಯ ಇದ್ದರೆ ಸಾಕು, ಅದೇ ಎಳೆಯ ದನಿಯಲ್ಲಿ ಮುನ್ನೂರಲ್ಲ, ಮೂರು ಲಕ್ಷ ವಾಕ್ಯವನ್ನಾದರೂ ಕಂಪ್ಯೂಟರೇ ನುಡಿಯುತ್ತದೆ. ನೀವು ಒಪ್ಪಿ ಸಹಿ ಹಾಕಿದರಾಯಿತು ಎಂದ. ಒಪ್ಪದಿದ್ದರೆ ಬೇರೆ ನಟಿ. ಅವಳ ಹೆಸರೂ ಗೊತ್ತುಮಾಡಿ ಇಟ್ಟಿದ್ದರು.

ಅಕ್ಕ ಕಾಗದವನ್ನು ಟೈಪಿಸ್ಟಿನ ಕಣ್ಣಿನಿಂದ ಓದಿದಳು. ಎರಡು ತಪ್ಪಿಗೆ ಸುತ್ತು ಹಾಕಿದಳು. ನಾಲ್ಕನೆಯ ಸಾಲಿನಲ್ಲಿ ಬೆರಳು ನಿಂತಿತು. ‘ಇಂದಿನ ನಂತರ, ಈ ಆಟದ ಯಾವುದೇ ಮರುರೂಪಕ್ಕೂ ಸದರಿಯವರ ಹಾಜರಿಯ ಅಗತ್ಯವಿರುವುದಿಲ್ಲ.’ ಸಹಿ ಹಾಕಿದರೆ ಹೊಸ ಮೆಷಿನ್ ಕೊಂಡು ಸಂಜೆ ಸಂಜೆ ಕೇಳಬಹುದು. ಮಳೆಗೊಂದು, ಬಿಸಿಲಿಗೊಂದು, ಸಾಯುವವರೆಗೆ ಮುಗಿಯದಷ್ಟು ಮಾತು. ಆದರೆ ಬುಧವಾರದ ಫೋನು ಮತ್ತೆ ಬರುವುದಿಲ್ಲ. ಸಕ್ಕರೆ ಸರಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಹಾಕದಿದ್ದರೆ ಎರಡೂ ಇಲ್ಲ; ಮನೆಯಲ್ಲಿರುವ ಹೆಲಿಕಾಪ್ಟರ್ ನಿಂತ ದಿನ ಎಲ್ಲವೂ ನಿಂತಂತೆ.

ಅವಳು ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟು, ಎರಡನ್ನೂ ಅವನ ಕಡೆ ನೂಕಿದಳು. ಮುನ್ನೂರನ್ನೂ ತಾನೇ ಹೇಳುವುದಾದರೆ ನಾಳೆ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದಳು.

ನಿರ್ದೇಶಕನ ಮುಖ ಸಣ್ಣದಾಯಿತು. “ಬೇಜಾರು ಮಾಡ್ಕೋಬೇಡಿ, ಅಮ್ಮ. ಆಟದಲ್ಲಿ ಅಂಗಡಿಯವಳಿಗೆ ಇಪ್ಪತ್ತೇಳು ವರ್ಷ. ನಿಮ್ಮ ಈಗಿನ ದನಿ ಕೇಳಿದ್ರೆ, ಅಲ್ಲಿ ಯಾರೋ ಮುದುಕಿ ಕೂತಿದ್ದಾಳೆ ಅನ್ಸುತ್ತೆ.”

ಅಕ್ಕ ಅವನ ಗಡ್ಡವನ್ನು ಒಂದು ಸಲ ನೋಡಿದಳು.

“ಅಂಗಡಿಗೆ ಬರ್ತಿದ್ದ ಹುಡುಗನಿಗೇ ಗಡ್ಡ ಬೆಳ್ಳಗಾಗಿದೆ. ಇಷ್ಟು ವರ್ಷ ಕಾದು ಕೂತವಳು ಮುದುಕಿ ಆಗದೆ ಇನ್ನೇನಪ್ಪಾ ಆಗ್ಬೇಕಿತ್ತು?”