ಮುಲಾಮಿನ ಕೀಲಿ

ನಮ್ಮ ಶಾರದಾಬಾಯಿ ಅಕ್ಕನಿಗೆ ಯಾವ ಕಾಗದವೂ ಮನೆಯಲ್ಲಿ ಒಂದೇ ಒಂದು ಇದ್ದರೆ ಸಮಾಧಾನವಿರಲಿಲ್ಲ. ಆಳಂದದಲ್ಲಿ ಟೈಪಿಂಗ್ ಕಲಿಸುವವಳು, ಕಾರ್ಬನ್ ಇಟ್ಟು ಮೂರು ಪ್ರತಿ ತೆಗೆಯುವುದು ಕೈಗೆ ಹತ್ತಿದ ಚಾಳಿ. ಕಿರಾಣಿ ಚೀಟಿಗೂ ಮೂರು ಪ್ರತಿ. ಅವಳ ತಮ್ಮ ದೇವಿಂದ್ರಪ್ಪನನ್ನು ಮದುವೆಯಾಗಿ ನಾನು ಆ ಮನೆಗೆ ಕಾಲಿಟ್ಟದ್ದು ೧೯೮೫ರಲ್ಲಿ. ಒಂದು ವಾರದೊಳಗೆ ಅಡುಗೆಮನೆಯ ಡಬ್ಬಿಗಳ ಮೇಲೆಲ್ಲ ಟೈಪು ಮಾಡಿದ ಚೀಟಿ ಅಂಟಿಕೊಂಡವು. ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂಬುದನ್ನು ಓದಿ ನನಗೆ ಮೈಯೆಲ್ಲ ಉರಿಯಿತು. ಉಪ್ಪು ಯಾವುದು, ಸಕ್ಕರೆ ಯಾವುದು ತಿಳಿಯದವಳೇ ನಾನು? ಮೂರು ದಿನ ಮಾತು ಬಿಟ್ಟೆ. ನಾನು ಮಾತು ಬಿಟ್ಟಿದ್ದೇನೆಂಬುದು ಅವಳ ಗಮನಕ್ಕೇ ಬರಲಿಲ್ಲ.

ಅಕ್ಕನ ಗಂಡನ ಮನೆ ಅಫಜಲಪುರದ ಕಡೆ. ಮದುವೆಯಾಗಿ ಎರಡು ವರ್ಷಕ್ಕೇ ಗಂಡ ತೀರಿಹೋಗಿ ತವರಿಗೆ ಬಂದಳಂತೆ. ಮೂಲೆಯಲ್ಲಿ ಕೂತು ದಿನ ಕಳೆಯುವ ಜಾತಿಯಲ್ಲ. ಟೈಪಿಂಗ್ ಕಲಿತು, ೧೯೭೬ರಲ್ಲಿ ಪರೀಕ್ಷೆ ಕಟ್ಟಿದಳು. ಅಪ್ಪ ಶಾಂತಲಿಂಗಪ್ಪ, ಅಂದರೆ ನಮ್ಮ ಮಾವ, ತಾವೇ ಅವಳನ್ನು ಬಸ್ಸಿನಲ್ಲಿ ಗುಲ್ಬರ್ಗಕ್ಕೆ ಕರೆದುಕೊಂಡು ಹೋದರು. ಹಾಲ್ ಟಿಕೇಟು ಕಳೆದೀತೆಂದು ಅದನ್ನು ತಮ್ಮ ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿದ್ದರು. ಗಾಳಿಗೆ ಹಾರಿಹೋದರೆ ನಂಬರಾದರೂ ಇರಲಿ ಎಂದು ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡಿದರಂತೆ. ಪಕ್ಕದ ಸೀಟಿನವನು, ‘ಏನ್ ಜಪಾರಿ ಇದು ಯಜಮಾನ್ರ?’ ಎಂದು ಕೇಳಿದನಂತೆ. ಅಕ್ಕ ಇದನ್ನು ಹೇಳಿಕೊಂಡು ಬಹಳ ನಗುತ್ತಿದ್ದಳು. ಪಾಸಾಗಿ ಬಂದವಳು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಯಂತ್ರ ಇಟ್ಟು ಶಾಲೆ ತೆರೆದಳು.

ಮಾವನಿಗೆ ಒಂದು ವಿದ್ಯೆ ಇತ್ತು, ಕರಿ ಮುಲಾಮು. ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತುಗಳನ್ನು ಹೊಡೆದುಕೊಂಡು ನಿಂಬರ್ಗಾ, ಹಿರೋಳ್ಳಿ ಕಡೆಯ ರೈತರು ನಮ್ಮ ಬಾಗಿಲಿಗೆ ಬರುತ್ತಿದ್ದರು. ಅದರಲ್ಲಿ ಏನೇನು ಬೀಳುತ್ತದೆಂಬುದು ಮನೆತನದ ಗುಟ್ಟು. ಒಂದು ತಲೆಮಾರಿಗೆ ಒಬ್ಬರಿಗೇ ಹೇಳಬೇಕು, ಅದೂ ಕಿವಿಯಲ್ಲಿ. ಇನ್ನೊಂದು ಕಿವಿಗೆ ಬಿದ್ದರೆ ಮದ್ದು ಕೆಟ್ಟಿತು. ಹೇಳಿದವರ ಕೈಗುಣವೂ ಅವತ್ತೇ ಮುಗಿಯಿತು, ಆದ್ದರಿಂದ ಕೊನೆಗಾಲದಲ್ಲೇ ಹೇಳಬೇಕು. ಹೇಳುವುದು ಮಾತ್ರ ಗಂಡುಮಗನಿಗೆ.

ಆ ಗಂಡುಮಗ ನನ್ನ ಗಂಡ. ಜೇವರ್ಗಿ ಬಸ್ಸಿನ ಕಂಡಕ್ಟರು. ಮುಲಾಮಿನ ವಾಸನೆಗೆ ಅವರಿಗೆ ವಾಂತಿ ಬರುತ್ತಿತ್ತು. ಎತ್ತು ಹಿಡಿಯುವವಳು, ಹುಣ್ಣು ತೊಳೆಯುವವಳು, ಹಚ್ಚುವವಳು ಎಲ್ಲ ಅಕ್ಕನೇ. ಒಮ್ಮೆ ಅವಳು ಬಾಯಿಬಿಟ್ಟು ಕೇಳಿದಳು.

“ಅಪ್ಪಾ, ಮುಲಾಮು ನನಗ ಹೇಳ್ರಿ. ನಾ ಮುಂದ ನಡಸ್ತೇನಿ.”

“ಹೆಣ್ಣಮಕ್ಕಳಿಗೆ ಹೇಳೂ ರೀತಿ ಇಲ್ಲ ತಂಗಿ,” ಎಂದರು ಮಾವ, ಮೆತ್ತಗೆ.

ಅಕ್ಕ ಒಳಗೆ ಹೋಗಿ ‘ಮುಲಾಮು’ ಎಂದು ಒಂದು ಚೀಟಿ ಟೈಪು ಮಾಡಿ ತಂದು ಮುಲಾಮಿನ ಗಡಿಗೆಗೆ ಅಂಟಿಸಿದಳು. ಅವತ್ತು ಆ ಚೀಟಿ ಸೊಟ್ಟಗಿತ್ತು. ನನಗೆ ಮಾವನ ಮೇಲೆ ಬಂದ ಸಿಟ್ಟು ಇನ್ನೂ ನೆನಪಿದೆ.

೧೯೯೬ರಲ್ಲಿ ಸೊಲ್ಲಾಪುರದ ಯಾವುದೋ ಆಫೀಸಿನವರು ಹಳೆಯದೆಂದು ತೆಗೆದುಹಾಕಿದ ಎರಡು ಕಂಪ್ಯೂಟರುಗಳನ್ನು ಅಕ್ಕ ತರಿಸಿದಳು. ಒಂದು ಶಾಲೆಗೆ, ಒಂದು ಹಿಂದಿನ ಕೋಣೆಗೆ. ನಡುವೆ ಗೋಡೆಗೆ ತೂತು ಕೊರೆದು ತಂತಿ ಎಳೆಸಿದಳು. ಹಿಂದಿನದಕ್ಕೆ ‘ಸರ್ವರ್’ ಎಂದು ಹೆಸರು. ಹೆಸರಿನ ಚೀಟಿಯೂ ಅಂಟಿತು. ವಾರವಿಡೀ ಮುಂದಿನ ಯಂತ್ರದಲ್ಲಿ ಕೂತು ಹೊಲದ ಪಹಣಿ, ರೇಷನ್ ಕಾರ್ಡು, ಹುಟ್ಟಿದ ತಾರೀಖು, ನನ್ನ ಹಪ್ಪಳದ ಅಳತೆಯನ್ನೂ ಸೇರಿಸಿ ಮನೆಯ ಎಲ್ಲವನ್ನೂ ಅಕ್ಷರಕ್ಕಿಳಿಸುವಳು. ಶನಿವಾರ ಅದೆಲ್ಲ ತಂತಿಯಲ್ಲಿ ಹಿಂದಿನ ಕೋಣೆಗೆ ಹೋಗಿ, ಬೀಗ ಹಾಕಿಕೊಂಡು ಕೂರುತ್ತಿತ್ತು. ಆ ಬೀಗ ಹಾಕಲಿಕ್ಕೆ ಒಂದು ತಂತ್ರಾಂಶ. ಅದು ಅಕ್ಷರಗಳನ್ನೆಲ್ಲ ಕಲಸಿಬಿಡುತ್ತದೆ, ಪಾಸ್‌ವರ್ಡ್ ಕೊಟ್ಟರೆ ಮಾತ್ರ ಅವು ಮತ್ತೆ ಸಾಲಾಗಿ ನಿಲ್ಲುತ್ತವೆ.

ಇದನ್ನು ಮಾವನಿಗೆ ತೋರಿಸಿ ಅಕ್ಕ ಹೇಳಿದಳು: “ಅಪ್ಪಾ, ನಿಮಗ ಎಪ್ಪತ್ನಾಲ್ಕು. ಒಮ್ಮಿಂದೊಮ್ಮೆಲೆ ಏನರೆ ಆದ್ರ ಮುಲಾಮು ನಿಮ್ಮ ಕೂಡನ ಹೋಗ್ತದ. ಯಾರ ಕಿವ್ಯಾಗೂ ಹೇಳಬ್ಯಾಡ್ರಿ, ಇದರಾಗ ಬರದಿಡ್ರಿ. ದೇವಿಂದ್ರಗ ಬೇಕಾದಾಗ ತಗೀಲಿ.”

“ಯಂತ್ರ ಓದಿಬಿಟ್ರ?”

“ಯಂತ್ರಕ್ಕೂ ತಿಳಿಯಂಗಿಲ್ರಿ.”

ಮಾವನಿಗೆ ಖುಷಿಯಾಯಿತು. ಆದರೆ ಅಕ್ಕನಿಗೆ ಹೇಳಿ ಬರೆಸಿದರೆ ಅವಳ ಕಿವಿಗೆ ಬಿದ್ದಂತಾಯಿತಲ್ಲ! ಹೀಗಾಗಿ ನಮ್ಮ ಮಾವ ಮಗಳ ಶಾಲೆಗೇ ವಿದ್ಯಾರ್ಥಿಯಾಗಿ ಸೇರಿದರು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿದರು. ರುಮಾಲು ಸುತ್ತಿಕೊಂಡು, ಕೈಯ ಬೆಳ್ಳಿಯ ಕಡಗ ಹಿಂದೆ ಸರಿಸಿಕೊಂಡು, ಲಂಗದಾವಣಿ ಹುಡುಗಿಯರ ನಡುವೆ ಕೂತು ನಾಲ್ಕು ತಿಂಗಳು ಬೆರಳು ಕುಟ್ಟಿದರು. ತಪ್ಪು ಮಾಡಿದರೆ ಅಕ್ಕ ಕೆಂಪು ಶಾಯಿಯಲ್ಲಿ ಸುತ್ತು ಹಾಕುವಳು. “ಮಾಸ್ತರ್ರ ಭಾಳ ಕಡಕ್ ಅದಾರವಾ,” ಎಂದು ನನ್ನ ಹತ್ತಿರ ಚಾಡಿ ಹೇಳುತ್ತಿದ್ದರು.

ಮುಲಾಮು ಟೈಪು ಮಾಡುವ ದಿನ ಅಕ್ಕ ಹುಡುಗಿಯರಿಗೆಲ್ಲ ಒಟ್ಟಿಗೇ ಕುಟ್ಟಲು ಹೇಳಿದಳು. ಇಪ್ಪತ್ತು ವರ್ಷ ಕಲಿಸಿದವಳು, ಸಪ್ಪಳದ ಮೇಲೇ ಯಾವ ಕೀಲಿ ಬಿತ್ತೆಂದು ಗುರುತಿಸಬಲ್ಲಳು. ಅಪ್ಪನ ಗುಟ್ಟು ಅಪ್ಪಿತಪ್ಪಿಯೂ ತನ್ನ ಕಿವಿಗೆ ಬೀಳಬಾರದು ಎಂದು ಆ ಗದ್ದಲ. ಬೇಕಾದದ್ದನ್ನು ಕದಿಯಲಿಕ್ಕೆ ಇದಕ್ಕಿಂತ ಒಳ್ಳೆ ಹೊತ್ತು ಇರಲಿಲ್ಲ, ಅವಳು ಕದಿಯಲಿಲ್ಲ. ಹುಡುಗಿಯರು ಮನೆಗೆ ಹೋದ ಮೇಲೆ ಮಾವ ಪಾಸ್‌ವರ್ಡ್ ಹಾಕಿದರು. ಅಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದಳು.

“ಕೀಲಿಕೈ ಯಾರಿಗೆ ಕೊಡಬೇಕೋ ಅವರಿಗೆ ಕೊಡ್ತೇನಿ,” ಎಂದರು ಮಾವ.

ಸರ್ವರಿನಲ್ಲಿ ಒಂದು ಪ್ರತಿ ಉಳಿಯಿತು. ಇನ್ನೆರಡು ಫ್ಲಾಪಿಗಳಿಗೆ ಹೋದವು. ಒಂದು ಕೊಳಕೂರಿನಲ್ಲಿದ್ದ ಮಾವನ ತಂಗಿ ಗಂಗುಬಾಯಿಗೆ, ಇನ್ನೊಂದು ಹಿರೋಳ್ಳಿಯಲ್ಲಿದ್ದ ಮಾವನ ಹಳೆಯ ದೋಸ್ತ ಶರಫುದ್ದೀನನಿಗೆ. ಹುಷಾರಾಗಿಡಿ ಎಂದು ಇಬ್ಬರಿಗೂ ಹೇಳಿ ಕಳಿಸಿದ್ದಾಯಿತು.

ಮರುವರ್ಷದ ಮಳೆಗಾಲದಲ್ಲಿ ಸಿಡಿಲು ಬಡಿದು ಸರ್ವರ್ ಸುಟ್ಟಿತು. ಗೋಡೆಯ ತೂತಿನಲ್ಲಿ ಎಳೆದ ತಂತಿಯ ಉಪಕಾರದಿಂದ ಮುಂದಿನದೂ ಸುಟ್ಟಿತು. ಇನ್ನೆರಡು ಪ್ರತಿ ಇವೆಯಲ್ಲ ಎಂದು ಅಕ್ಕ ನಿಶ್ಚಿಂತಳಾಗಿದ್ದಳು. ಬೇರೆ ಯಂತ್ರವೂ ಬಂತು. ಅದಾಗಿ ತಿಂಗಳಿಗೆ ಮಾವ ಬೆಳಿಗ್ಗೆ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಟ್ಟೆಯ ಮೇಲೆ ಕೂತವರು ಕೂತಲ್ಲೇ ಹೋದರು. ಯಾರ ಕಿವಿಯಲ್ಲೂ ಏನನ್ನೂ ಹೇಳಲಿಲ್ಲ.

ಗಡಿಗೆಯ ಮುಲಾಮು ತಳ ಕಂಡಿತು. ನಿಂಬರ್ಗಾದ ನಿಂಬೆವ್ವ ಎತ್ತು ಹೊಡೆದುಕೊಂಡು ಬಂದು ಅಂಗಳದಲ್ಲಿ ಕೂತ ದಿನ ಅಕ್ಕ ಗಡಿಗೆ ಕೆರೆದು ಹಚ್ಚಿದ್ದೇ ಕೊನೆ. ‘ಎಂಟು ದಿನ ಬಿಟ್ಟು ಮತ್ತ ಬರ್ರಿ’ ಎಂದು ಬಾಯಲ್ಲಿ ಹೇಳಿಬಿಟ್ಟಳು. ಹೇಳಿದ ಮೇಲೆ ನನ್ನ ಮುಖ ನೋಡಿದಳು.

ಕೊಳಕೂರಿಗೆ ನಾವಿಬ್ಬರೂ ಹೋದೆವು. ಗಂಗುಬಾಯಿ ಅತ್ತೆ ಫ್ಲಾಪಿಯನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದಳು. ಅಣ್ಣನ ವಿದ್ಯೆ ಎಂದು ಪ್ರತಿ ಸೋಮವಾರ ಪೂಜೆ. ಮೇಲಿನ ತಗಡು ಸರಿಸಿದರೆ ಒಳಗೆ ಕಪ್ಪಗೆ ಹೊಳೆಯುವುದು ಕಾಣುತ್ತದಲ್ಲ, ಅಲ್ಲೇ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟಿದ್ದಳು. ಇನ್ನು ಅದನ್ನು ಯಾವ ಯಂತ್ರವೂ ಓದದು.

“ಒಂದು ವಾರಾನೂ ತಪ್ಸಿಲ್ಲವಾ,” ಎಂದಳು ಅತ್ತೆ.

ಅಕ್ಕ ನಮಸ್ಕಾರ ಮಾಡಿ ಎದ್ದಳು. ನಾನಾಗಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಹಿರೋಳ್ಳಿಯ ಶರಫುದ್ದೀನ ಚಾಚಾ ಟ್ರಂಕಿನ ತಳದಿಂದ ಒಂದು ಗಂಟು ತೆಗೆದರು. ನಾವು ಕಳಿಸುವಾಗ ಹೊಲಿದ ಬಟ್ಟೆ, ಅದೇ ದಾರ.

“ಒಳಗ ಏನದ ಅಂತ ನೋಡಿಲ್ಲೇನ್ರಿ?” ಎಂದು ಕೇಳಿದೆ.

“ದೋಸ್ತನ ಅಮಾನತ್ ಅದ ಬೇಟಿ. ಬಿಚ್ಚಾಕ ನಂದಲ್ಲ,” ಎಂದರು.

ಆ ಫ್ಲಾಪಿ ಯಂತ್ರದಲ್ಲಿ ಹಾಕಿದರೆ ಕಡತ ಕಂಡಿತು, ಬೀಗ ಹಾಕಿಕೊಂಡೇ ಕಂಡಿತು. ಆ ಬೀಗ ಒಡೆಯಲು ಬರುವುದಿಲ್ಲವೆಂದು ಯಂತ್ರ ಕೊಟ್ಟ ಸೊಲ್ಲಾಪುರದವರು ಮೊದಲೇ ಹೇಳಿದ್ದರು. ಅಕ್ಕನಿಗೆ ಗೊತ್ತಿದ್ದದ್ದು ಒಂದೇ. ಗೋಡೆಗೆ ಮುಖ ಮಾಡಿ ನಿಂತಾಗ ಅಪ್ಪನ ಕಡಗ ಆರು ಸಲ ಯಂತ್ರಕ್ಕೆ ತಾಗಿತ್ತು. ಬೆರಳು ಮೇಲಿನ ಸಾಲಿಗೆ ಚಾಚಿದಾಗ ಮಾತ್ರ ಅದು ತಾಗುವುದು, ಮೇಲಿನ ಸಾಲಿನಲ್ಲಿರುವುದು ಅಂಕಿಗಳು. ಅಂದರೆ ಆರು ಅಂಕಿ.

ಐದು ದಿನ ಹಾಕಿ ನೋಡಿದಳು. ನನ್ನ ಗಂಡನ ಹುಟ್ಟಿದ ತಾರೀಖು. ಅವರ ಕಂಡಕ್ಟರ್ ಬ್ಯಾಡ್ಜಿನ ನಂಬರಿಗೆ ಹಿಂದೆ ಮುಂದೆ ಸೊನ್ನೆ ಸೇರಿಸಿ. ನಮ್ಮ ಮದುವೆಯ ದಿನ. ಅವರು ನೌಕರಿಗೆ ಸೇರಿದ ದಿನ. ಒಂದೂ ತೆರೆಯಲಿಲ್ಲ. ಹೇಳಿದಂತೆ ಎಂಟು ದಿನಕ್ಕೆ ನಿಂಬೆವ್ವ ಎತ್ತಿನ ಸಮೇತ ಬಂದು ಅಂಗಳದಲ್ಲಿ ಕೂತಳು. ಅಕ್ಕ ಒಳಗೆ ನನ್ನ ಗಂಡನ ಮೆಟ್ರಿಕ್ ನಂಬರು ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಬರೇ ಅವರ ನಂಬರನ ಹಾಕಾಕತ್ತೀರಲ್ರಿ ಅಕ್ಕಾರ. ನಿಮ್ಮದೊಂದೂ ನಂಬರ್ ಇಲ್ಲೇನು ಈ ಮನ್ಯಾಗ?”

“ನನಗೆಲ್ಲಿ ನಂಬರ್ ಬೇ ಗುರುಶಾಂತಾ. ನಾ ಏನ್ ಕಂಡಕ್ಟರೇನು?”

ಅಂದವಳ ಕೈ ಹಾಗೇ ನಿಂತಿತು. ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದಳು. ಕೂತಳು.

“ಬಸ್ಸಿನ್ಯಾಗ,” ಎಂದಳು, “ಗುಲ್ಬರ್ಗಾ ತನಕ ಅದನ್ನ ಅಂದ್ಕೋತ ಬಂದಿದ್ದ ಅಪ್ಪ.”

ಕೀಲಿಮಣೆ ನೋಡದೆ ಆರು ಅಂಕಿ ಒತ್ತಿದಳು. ಆ ನಂಬರು ನನಗೆ ಇವತ್ತಿಗೂ ಗೊತ್ತಿಲ್ಲ. ಪರದೆಯ ಮೇಲೆ ಸಾಲುಗಳು ಬಂದು ನಿಂತವು. ನಾನು ಬಗ್ಗುವುದರೊಳಗೆ ಅಕ್ಕ ಎರಡೂ ಅಂಗೈ ಅಗಲಿಸಿ ಪರದೆ ಮುಚ್ಚಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಏನ್ ಬರದಾರ್ರಿ?”

“ಮೊದಲ್ನೇ ಸಾಲು ಅಷ್ಟ ಹೇಳ್ತೇನಿ. ‘ಶಾರದಾ, ಮೊದಲ ಬಾಗಲಾ ಹಾಕ್ಕೋ’ ಅಂತ ಬರದಾನ.”

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಒಳಗಿನಿಂದ ಅಗುಳಿ ಬಿತ್ತು. ನನ್ನ ಮುಖಕ್ಕೆ ಬಾಗಿಲು ಹಾಕಿದರೂ ಸಿಟ್ಟು ಬರಲಿಲ್ಲ.

ನಿಂಬೆವ್ವ ಹಗ್ಗ ಹಿಡಿದುಕೊಂಡೇ ಕತ್ತೆತ್ತಿ ಕೇಳಿದಳು, “ಮುಲಾಮು ಅದ ಏನ್ರಿ?”

“ಸ್ವಲ್ಪ ಕೂಡ್ರಿ,” ಎಂದೆ. “ಅಕ್ಕಾರು ಮಾಡಾಕತ್ತಾರ.”