ಮೂವರು ಕೇಳಿದ ಒಂದೇ ಹೂವು

ನಮ್ಮ ಮನೆಯಲ್ಲಿ ರಷ್ಯಾದ ವಿಷಯ ಬಂದರೆ ಮಾತಾಡುವ ಹಕ್ಕು ಭಾವನವರೊಬ್ಬರದೇ. ಅವರು ನಮ್ಮ ಯಜಮಾನರ ಅಣ್ಣ, ಬೇಲೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲಿ ಆ ದೇಶದಿಂದ ಹೊಳೆಯುವ ಕಾಗದದ ಪತ್ರಿಕೆಗಳು ಬರುತ್ತಿದ್ದವು. ಅವರು ಅವನ್ನು ಓದಿದರು. ನಾವು ಅದೇ ಕಾಗದವನ್ನು ಶಾಲೆಯ ಪುಸ್ತಕಕ್ಕೆ ಹೊದಿಸಿದೆವು. ನನ್ನ ಲೆಕ್ಕದ ಪುಸ್ತಕದ ಮೇಲೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸೊಬ್ಬಳು ಟ್ರ್ಯಾಕ್ಟರ್ ಹತ್ತಿ ಕೂತು ವರ್ಷಪೂರ್ತಿ ನಗುತ್ತಿದ್ದಳು. ರಷ್ಯಾದ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಆ ಸಂಕ್ರಾಂತಿ ಕಳೆದ ಮೇಲೆ ಅಷ್ಟು ಸಾಲದಾಯಿತು. ನಮ್ಮ ಮಗಳು ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದಳು. ಆ ದೇಶದ ಗಡಿಯಲ್ಲಿ ರಷ್ಯಾದ ಸೈನ್ಯ ಬಂದು ಕೂತಿದೆ ಅಂತ ಟಿವಿಯಲ್ಲಿ ದಿನವೂ ಕೂಗಾಟ. ಅವಳನ್ನು ಕರೆಸಿಕೊಳ್ಳಬೇಕೋ, ಬಿಡಬೇಕೋ? ಒಲೆಯ ಮೇಲೆ ಹಾಲಿಟ್ಟರೂ ಇದೇ ಯೋಚನೆ, ಲಿಂಗಪೂಜೆಗೆ ಕೂತರೂ ಇದೇ.

ಭಾವನವರು ಅರಸೀಕೆರೆಗೆ ಬಂದಾಗ ಕೇಳಿದೆ.

"ಏನೂ ಆಗಲ್ಲ ಕಣಮ್ಮ," ಅಂದರು. "ಒಂದು ಕಾಲದಲ್ಲಿ ಅಮೆರಿಕಕ್ಕೇ ಎದೆ ಕೊಟ್ಟು ನಿಂತಿದ್ದೋರು. ಆಮೇಲೆ ಮುರಿದುಬಿದ್ರು. ಈಗ ನಾವಿನ್ನೂ ಇದ್ದೀವಿ ಅಂತ ತೋಳು ಮಡಚಿ ತೋರಿಸ್ತಿದ್ದಾರೆ, ಅಷ್ಟೆ. ನಮ್ಮ ಕಷ್ಟಕಾಲದಲ್ಲಿ ಜೊತೆಗೆ ನಿಂತೋರು ಅವರು."

"ನಮ್ ಜೊತೆ ನಿಂತಿದ್ರೆ ಸರಿ ಅಣ್ಣ, ಈಗ ಯಾರ ಮನೆ ಮುಂದೆ ನಿಂತವ್ರೆ ಅನ್ನೋದಲ್ವಾ ಮಾತು?" ಅಂದರು ಯಜಮಾನರು. ಅವರದು ಊರಿನಲ್ಲಿ ಕೊಬ್ಬರಿ ವ್ಯಾಪಾರ. ಯಾವುದನ್ನೂ ಅಲ್ಲಾಡಿಸಿ ನೋಡದೆ ನಂಬುವವರಲ್ಲ. ಆದರೆ ಮಗಳ ಪರೀಕ್ಷೆ ಹತ್ತಿರವಿತ್ತು, ಹಾಜರಿ ತಪ್ಪಿದರೆ ವರ್ಷವೇ ಹೋಗುತ್ತದೆ ಅನ್ನುವುದು ಅವರ ಚಿಂತೆ.

ಮಗಳಿಗೆ ಫೋನು ಮಾಡಿದರೆ ನಗು. "ಅಮ್ಮ, ಇಲ್ಲಿ ಯಾರಿಗೂ ಭಯ ಇಲ್ಲ. ನಿಮ್ಮನೆ ಟಿವಿಗೆ ಮಾತ್ರ ಭಯ."

ಕೊನೆಗೆ ದೇವರನ್ನೇ ಕೇಳೋಣ ಅಂತಾಯಿತು. ಬಾಣಾವರದ ಕಡೆ ನಮ್ಮ ಮನೆದೇವರ ಗುಡಿ ಇದೆ. ಮದುವೆ ಮಾಡಬೇಕೇ, ಬೋರು ಕೊರೆಸಬೇಕೇ, ಏನೇ ಇರಲಿ ಅಲ್ಲಿ ಹೂ ಕೇಳುವುದು ಪದ್ಧತಿ. ಪೂಜಾರಪ್ಪ ದೇವರ ಮೈಗೆ ಒದ್ದೆ ಹೂಗಳನ್ನು ಅಂಟಿಸುತ್ತಾನೆ. ನಾವು ಮನಸ್ಸಿನಲ್ಲೇ ಕೇಳಿಕೊಂಡು ಕಾಯಬೇಕು. ಬಲಗಡೆ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ.

ಮೂವರೂ ಕಾರಿನಲ್ಲಿ ಹೋದೆವು. ಕಣ್ಣು ಮುಚ್ಚಿ ನಿಂತೆವು. ಪಕ್ಕದಲ್ಲಿ ಭಾವನವರು ಪಾಠ ಒಪ್ಪಿಸುವ ಹುಡುಗನ ಹಾಗೆ ತುಟಿ ಆಡಿಸುತ್ತಿದ್ದುದು ಮಾತ್ರ ಕೇಳುತ್ತಿತ್ತು. ಪೂಜಾರಪ್ಪ ಗಂಟೆ ಬಾರಿಸಿದ. ನೋಡಿದರೆ ಬಲಗಡೆ ಕಣಗಲೆ ಹೂ! ನನ್ನ ಕಣ್ಣಲ್ಲಿ ನೀರು. ಭಾವನವರು ಕೈಯೆತ್ತಿ ಮುಗಿದರು. ಯಜಮಾನರು ಉಸ್ಸೆಂದು ಉಸಿರು ಬಿಟ್ಟರು. ಮೂವರಿಗೂ ಸಮಾಧಾನ.

ಸಮಾಧಾನ ಊರು ತಲುಪುವವರೆಗೂ ಇರಲಿಲ್ಲ.

"ಸರಿ, ಇವತ್ತೇ ಟಿಕೀಟು ನೋಡ್ರೀ," ಅಂದೆ.

"ಯಾಕೆ?" ಅಂದರು ಯಜಮಾನರು. "ಪರೀಕ್ಷೆ ಮುಗಿಸ್ಕೊಂಡೇ ಬರೋದು ಒಳ್ಳೇದಾದ್ರೆ ಬಲಕ್ಕೆ ಕೊಡಪ್ಪಾ ಅಂತ ಕೇಳ್ದೆ. ಕೊಟ್ಟ."

"ಅಯ್ಯೋ! ನಾನು ಈಗಲೇ ಕರೆಸ್ಕೊಳ್ಳೋದಾದ್ರೆ ಬಲಕ್ಕೆ ಅಂತ ಕೇಳಿದ್ದೆ ಕಣ್ರೀ!"

ಇಬ್ಬರೂ ಹಿಂದೆ ತಿರುಗಿ ಭಾವನವರನ್ನು ನೋಡಿದೆವು. ಅವರು ಕಿಟಕಿಯಾಚೆ ತೆಂಗಿನ ತೋಟ ನೋಡುತ್ತಾ, "ಯುದ್ಧ ಆಗಲ್ಲ ಅನ್ನೋದಾದ್ರೆ ಬಲಕ್ಕೆ ಕೊಡು ಅಂದಿದ್ದೆ ನಾನು," ಅಂದರು.

ಮೊದಲು ಯಜಮಾನರಿಗೆ ನಗು ಬಂತು, ನನಗೂ ಬಂತು. "ಪಾಪ, ದೇವರ ತಲೆ ಕೆಡಿಸಿಬಿಟ್ವಿ!" ಅಂತ ಅವರು ಸ್ಟೇರಿಂಗ್ ಮೇಲೆ ಕೈ ಬಡಿದುಕೊಂಡು ನಕ್ಕರು. ಗುಡಿಗೆ ಫೋನು ಮಾಡಿ ಕೇಳಿದರೆ ಪೂಜಾರಪ್ಪ ರೇಗಿದ. "ಒಂದು ಮನೆಯೋರು ಒಂದು ಮಾತಾಡ್ಕೊಂಡು ಬರಕ್ಕಾಗಲ್ವಾ? ಇವತ್ತು ಮತ್ತೆ ಕೇಳಂಗಿಲ್ಲ. ಮೊದ್ಲು ಮನೇಲಿ ಕೂತು ಮಾತಾಡಿ, ಹೋಗಿ."

ದೇವರೇ ಅವನ ಬಾಯಲ್ಲಿ ಹೇಳಿಸಿದ ಅಂದುಕೊಂಡೆ. ಮನೆಗೆ ಬಂದು ಕಾಫಿ ಇಟ್ಟು, ನಾನೂ ಅವರಿಬ್ಬರ ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.

ಅಷ್ಟರಲ್ಲಿ ಟಿವಿಯಲ್ಲಿ ಗಡಿಯ ಚಿತ್ರ ಬಂತು. ಟ್ಯಾಂಕುಗಳು ನನಗೆ ಅರ್ಥವಾಗುವುದಿಲ್ಲ. ಅವುಗಳ ಹಿಂದೆ ಹಿಮದಲ್ಲಿ ಸಾಲಾಗಿ ಹಾಕಿದ್ದ ಡೇರೆಗಳು, ಹೊಗೆಯಾಡುವ ಅಡುಗೆ ಗಾಡಿಗಳು ಅರ್ಥವಾದವು.

"ಭಾವ, ಹೆಣ್ಣು ನೋಡಕ್ಕೆ ಬರೋರು ಅಡುಗೆಯೋರನ್ನೂ ಪಾತ್ರೇನೂ ಲಾರೀಲಿ ಹೇರ್ಕೊಂಡು ಬರ್ತಾರಾ? ಇವರು ಮದುವೆಗೇ ಬಂದ ಹಾಗಿದೆ."

ಭಾವನವರು ನಕ್ಕರು, ಆದರೆ ತಳ್ಳಿಹಾಕಲಿಲ್ಲ. "ಕವಾಯತಿಗೆ ಬಂದ ಸೈನ್ಯಾನೂ ಉಣ್ಣಬೇಕಲ್ಲಮ್ಮ. ಅವರ ಕಡೆಯಿಂದ್ಲೂ ನೋಡು. ತಮ್ಮ ಬಾಗಿಲಿಗೇ ಬೇರೆಯವರು ಬಂದು ಕೂರ್ತಾರೆ ಅಂತ ಅವರಿಗೂ ದಿಗಿಲಿದೆ."

"ಇರಲಿ ಭಾವ, ನೀವು ಓದಿದೋರು. ಕವಾಯತೇ ಆಗಿದ್ರೆ ನನ್ನ ಮಗಳು ನಾಲ್ಕು ದಿನ ಮನೇಲಿ ಉಂಡ್ಕೊಂಡು ಇರ್ತಾಳೆ. ಒಂದು ವರ್ಷ ಹೋದ್ರೆ ಇನ್ನೊಂದು ವರ್ಷ ಓದ್ತಾಳೆ. ಕವಾಯತು ಅಲ್ದಿದ್ರೆ?"

ಭಾವನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಯಜಮಾನರು ಎದ್ದು ಟಿಕೀಟು ನೋಡಲು ಫೋನು ತೆಗೆದುಕೊಂಡರು.

ಮಗಳಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅಜ್ಜಿಗೆ ಹುಷಾರಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ನಂಗೆ ಭಯ ಆಗ್ತಿದೆ ಕಣೇ, ಬಾ," ಅಂದೆ. ಅವಳು ರೇಗಿದಳು, ಅತ್ತಳು, ಗೆಳತಿಯರೆಲ್ಲ ಇರುವಾಗ ನಾನೊಬ್ಬಳೇ ಹೇಡಿ ಹಾಗೆ ಓಡಿಬರಬೇಕಾ ಅಂದಳು. ಬಂದಳು. ಬಂದು ಮೂತಿ ಊದಿಸಿಕೊಂಡು ಓಡಾಡಿದಳು. ಬಿಕ್ಕೋಡಿನ ಕಡೆಯ ಹುಡುಗಿಯೊಬ್ಬಳು ಅಲ್ಲಿ ಅವಳ ರೂಮಿನಲ್ಲಿದ್ದಳು. ನಮ್ಮವಳು ದಿನವೂ ಅವಳಿಗೆ ಫೋನು ಮಾಡಿ, ನನಗೆ ಕೇಳಲಿ ಅಂತಲೇ ಗಟ್ಟಿಯಾಗಿ, "ಕ್ಲಾಸು ನಡೀತಿದೆಯಾ? ನಡೀತಿದೆಯಾ!" ಅನ್ನುವಳು. ಊದಿದ ಮೂತಿಯಾದರೂ ಕಣ್ಣೆದುರಿಗಿದೆಯಲ್ಲ ಅಂತ ನಾನು ರೊಟ್ಟಿ ತಟ್ಟುತ್ತಿದ್ದೆ.

ಶಿವರಾತ್ರಿಗೆ ಮುಂಚೆ ಒಂದು ಬೆಳಿಗ್ಗೆ ಹೆಂಚಿನ ಮೇಲೆ ರೊಟ್ಟಿ ಇತ್ತು. ಮಗಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಫೋನು. "ಅಮ್ಮ, ಶುರುವಾಯ್ತು," ಅಂದಳು.

ದೇವರ ಮುಂದೆ ಕೈ ಮುಗಿಯಲು ಹೋದೆ. ಬಿಕ್ಕೋಡಿನಲ್ಲಿ ಆ ಹುಡುಗಿಯ ತಾಯಿ ಈಗ ಏನು ಮಾಡುತ್ತಿದ್ದಾಳೋ ಅನ್ನಿಸಿ ಕೈ ಅರ್ಧಕ್ಕೇ ನಿಂತಿತು. ಅವತ್ತಿನಿಂದ ನಮ್ಮ ಮನೆಯ ಪೂಜೆಯಲ್ಲಿ ಆ ಹುಡುಗಿಯ ಹೆಸರೇ ಮೊದಲು. ಅವಳು ನೆಲಮಾಳಿಗೆಯಲ್ಲಿದ್ದಾಳೆ ಅಂತ ಸುದ್ದಿ ಬರುತ್ತಿತ್ತು, ಚಾರ್ಜು ಮುಗಿದರೆ ಅದೂ ಇಲ್ಲ. ಮಾರನೆಯ ಬೆಳಗಿನ ಬಸ್ಸಿಗೇ ಬೇಲೂರಿನಿಂದ ಬಂದಿದ್ದ ಭಾವನವರು ಮಗಳ ಪಕ್ಕ ಕೂತು, ನಕ್ಷೆ ತೆರೆದು, ಯಾವ ಗಡಿ ಹತ್ತಿರ ಅಂತ ಹುಡುಕಿ ಹುಡುಕಿ ಹೇಳುತ್ತಿದ್ದರು. ರಷ್ಯಾ ಸರಿಯೋ ತಪ್ಪೋ ಅಂತ ಅವರೂ ಎತ್ತಲಿಲ್ಲ, ನಾವೂ ಕೆಣಕಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಆ ಹುಡುಗಿ ಹಿಮದಲ್ಲಿ ನಡೆದು ಗಡಿ ದಾಟಿ, ವಿಮಾನ ಹತ್ತಿ, ಬೆಂಗಳೂರಿನಿಂದ ರೈಲಿನಲ್ಲಿ ಅಪ್ಪನ ಜೊತೆ ಅರಸೀಕೆರೆಗೆ ಬಂದಿಳಿದಳು. ಊರಿಗೆ ಕರೆದೊಯ್ಯಲು ಜೀಪು ಬರುವಷ್ಟರಲ್ಲಿ ತಿನ್ನಲಿ ಅಂತ ನಾನು ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಡಬ್ಬಿಗೆ ಹಾಕಿ, ತಟ್ಟೆಯನ್ನೂ ಇಟ್ಟುಕೊಂಡು ಮಗಳ ಜೊತೆ ಸ್ಟೇಷನ್ನಿಗೆ ಹೋಗಿದ್ದೆ. ಹುಡುಗಿಯರಿಬ್ಬರೂ ತಬ್ಬಿಕೊಂಡು ಅತ್ತರು. ಆಮೇಲೆ ಬೆಂಚಿನ ಮೇಲೆ ಕೂತು ಬಿಕ್ಕೋಡಿನ ಹುಡುಗಿ ತಿನ್ನತೊಡಗಿದಳು. ಅವಳಪ್ಪ ಅವಳು ನುಂಗುವ ಒಂದೊಂದು ತುತ್ತನ್ನೂ ನೋಡುತ್ತಿದ್ದರು.

"ಏ, ಪರೀಕ್ಷೆ ಆನ್‌ಲೈನ್ ಮಾಡ್ತಾರಂತೆ ಕಣೇ," ಅಂದಳು ನನ್ನ ಮಗಳು.

"ಅಲ್ಲಿಂದ ಜೀವ ಉಳಿಸ್ಕೊಂಡು ಬಂದ್ರೆ ಇಲ್ಲೂ ಬಿಡಲ್ವಾ ಇವರು!" ಅಂತ ಆ ಹುಡುಗಿ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕಳು. ನಕ್ಕು ನನ್ನ ಕಡೆ ತಟ್ಟೆ ಚಾಚಿದಳು. "ಆಂಟಿ, ಎಣ್ಣೆಗಾಯಿ ಇನ್ನೊಂಚೂರು ಇದೆಯಾ?"

ಇತ್ತು. ಬಡಿಸಿದೆ.