ಸೇಬಿನ ಸಿಪ್ಪೆಯಲ್ಲಿ ಕಂಡ ಅಕ್ಷರ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪರೇಲಿನ ಒಂದು ಆಸ್ಪತ್ರೆಯಲ್ಲಿ ಟೈಪಿಸ್ಟ್ ಆಗಿದ್ದೆ. ವಾಸ ವಡಾಲದಲ್ಲಿ, ಅಣ್ಣ ಅತ್ತಿಗೆಯರ ಜೊತೆ; ಅತ್ತಿಗೆಯನ್ನು ನಾವು ವೈನಿ ಎನ್ನುತ್ತೇವೆ. ಧಾರವಾಡದಿಂದ ಬಂದು ಆರು ವರ್ಷವಾಗಿದ್ದರೂ ನನಗೆ ಒಬ್ಬ ಗೆಳತಿಯೂ ಇರಲಿಲ್ಲ. ವಯಸ್ಸು ಮೂವತ್ತೆರಡು ದಾಟಿತ್ತು. ವರ ನೋಡುವ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಗಿತ್ತು.

ಆ ಆಸ್ಪತ್ರೆಗೆ ಅಮೆರಿಕದಿಂದ ಒಬ್ಬ ಲೇಡಿ ಡಾಕ್ಟರು ಬಂದರು. ಐವತ್ತರ ಆಸುಪಾಸಿನವರು, ಮದುವೆಯಾಗಿರಲಿಲ್ಲ. ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಅವರ ವರದಿಗಳನ್ನು ಟೈಪ್ ಮಾಡುತ್ತಿದ್ದವಳು ನಾನು. ಒಂದು ಶನಿವಾರ ಅವರು ಇಂಗ್ಲಿಷಿನಲ್ಲಿ, ‘ನಾಳೆ ನನ್ನ ಕ್ವಾರ್ಟರ್ಸಿಗೆ ಬಾ. ಭಾನುವಾರ ಮಾತಾಡಲು ಯಾರೂ ಇರುವುದಿಲ್ಲ’ ಎಂದರು. ಹೋದೆ. ಆಮೇಲೆ ಪ್ರತಿ ಭಾನುವಾರವೂ ಹೋಗತೊಡಗಿದೆ.

ಒಮ್ಮೆ ಅವರು ಕಾಶ್ಮೀರದ ಸೇಬು ತಂದಿದ್ದರು. ನಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಮಾತ್ರ ಸೇಬು ತರುತ್ತಾರೆ ಎಂದೆ. ಅವರು ನಕ್ಕರು. ತಮ್ಮ ದೇಶದಲ್ಲಿ ಹಿಂದೆ ಪಶ್ಚಿಮದ ಕಡೆಗೆ ಹೋಗಿ ನೆಲೆಸಿದವರು, ಭೂಮಿ ತಮ್ಮದೆನ್ನಲು ಕೆಲವೆಡೆ ಸೇಬಿನ ಗಿಡ ನೆಟ್ಟು ತೋರಿಸಬೇಕಿತ್ತು ಎಂದರು. ಬರಿಗಾಲಿನ ಒಬ್ಬ ಮನುಷ್ಯ ಬೀಜದ ಚೀಲ ಹೊತ್ತು ಅವರಿಗಿಂತ ಮೊದಲೇ ಹೋಗಿ ಸಸಿ ಬೆಳೆಸಿಡುತ್ತಿದ್ದನಂತೆ. ಬೀಜದಿಂದ ಎದ್ದ ಮರದ ಹಣ್ಣು ಬಲು ಹುಳಿ. ಹಿಂಡಿ ಮದ್ಯ ಮಾಡುತ್ತಿದ್ದರಂತೆ. ಅವನು ತಲೆಗೆ ಟೋಪಿಯ ಬದಲು ತಗಡಿನ ಪಾತ್ರೆ ಹಾಕಿಕೊಳ್ಳುತ್ತಿದ್ದ ಎಂದು ಮಕ್ಕಳಿಗೆ ಕಥೆ ಹೇಳುತ್ತಾರಂತೆ.

‘ಅವನಿಗೆ ಹೆಂಡತಿ, ಮಕ್ಕಳು?’ ಎಂದು ಕೇಳಿದೆ.

‘ಯಾರೂ ಇರಲಿಲ್ಲ’ ಎಂದು ಅವರು ಚಾಕು ಎತ್ತಿಕೊಂಡರು.

ಸಿಪ್ಪೆಯನ್ನು ಎಲ್ಲಿಯೂ ಹರಿಯದಂತೆ ಒಂದೇ ಎಳೆಯಾಗಿ ತೆಗೆದು ನನ್ನ ಕೈಗಿಟ್ಟರು. ಅವರ ಹಳ್ಳಿಯ ಹುಡುಗಿಯರು ಅದನ್ನು ಎಡ ಹೆಗಲ ಮೇಲಿಂದ ಹಿಂದಕ್ಕೆ ಎಸೆಯುತ್ತಿದ್ದರಂತೆ. ನೆಲದ ಮೇಲೆ ಬಿದ್ದ ಆಕಾರವೇ ಗಂಡನಾಗುವವನ ಹೆಸರಿನ ಮೊದಲ ಅಕ್ಷರ.

‘ನನ್ನದು ಪ್ರತಿ ಸಲ ತುಂಡಾಗುತ್ತಿತ್ತು. ನೀನು ಎಸೆ’ ಎಂದರು.

ಎಸೆದೆ. ಇಬ್ಬರೂ ಬಗ್ಗಿ ನೋಡಿದೆವು.

‘ಇದು ಯಾವ ಅಕ್ಷರವೂ ಅಲ್ಲ’ ಎಂದರು ಅವರು.

‘ಇಂಗ್ಲಿಷಿನದಲ್ಲ. ನಮ್ಮ ಕನ್ನಡದ್ದು.’

‘ಓದಲು ಬಂತೇ?’

‘ಬಂತು.’

ಅಪ್ಪ ತೀರಿಕೊಂಡ ವರ್ಷ, ಧಾರವಾಡದಲ್ಲಿ ನಿಶ್ಚಯವಾಗಿ ಮುರಿದುಹೋದ ಸಂಬಂಧವೊಂದಿತ್ತು. ಆ ವರನ ಹೆಸರಿನ ಮೊದಲ ಅಕ್ಷರ ಅದೇ. ಹಣ್ಣನ್ನು ಎರಡು ಹೋಳು ಮಾಡಿ ಒಂದು ನನಗೆ ಕೊಟ್ಟರು.

ಮುಂದಿನ ವರ್ಷ ಅವರ ಅವಧಿ ಮುಗಿಯಿತು. ಕೆಲಸದಿಂದ ಬಿಡುಗಡೆ ಮಾಡುವ ಪತ್ರವನ್ನು ನಾನೇ ಟೈಪ್ ಮಾಡಿದೆ, ಎರಡು ಕಾರ್ಬನ್ ಪ್ರತಿ ತೆಗೆದು. ಅವರು ಊರಿಗೆ ಹೋದದ್ದನ್ನು ಮನೆಯಲ್ಲಿ ಹೇಳಲಿಲ್ಲ. ಭಾನುವಾರ ಎಂದಿನ ಹೊತ್ತಿಗೇ ಹೊರಟು, ವಡಾಲ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ, ಕೊನೆಯ ಸ್ಟೇಷನ್ನಿನವರೆಗೆ ಹೋಗಿ, ಕೆಳಗಿಳಿಯದೆ ಅದೇ ಗಾಡಿಯಲ್ಲಿ ಹಿಂದಿರುಗುತ್ತಿದ್ದೆ.

‘ಡಾಕ್ಟರ್ ಬಾಯಿ ಹ್ಯಾಂಗಿದ್ದಾರ? ಒಂದ್ಸಲ ನಮ್ಮನಿಗೂ ಕರಕೊಂಡ ಬಾರವಾ’ ಎನ್ನುತ್ತಿದ್ದರು ವೈನಿ.

‘ಆರಾಮ ಇದ್ದಾರ್ರೀ ವೈನಿ. ಅವರಿಗೆ ಪುರಸೊತ್ತ ಇಲ್ಲ’ ಎಂದು ಹೇಳಿ ಚಪ್ಪಲಿ ಬಿಚ್ಚುತ್ತಿದ್ದೆ.